ನೆರಳಿನ ಸೆರೆ

'ಫೋಟೊ ತೊಳೆಸಿಕೊಂಡು ಬಾ' ಎಂದು ಈಗಿನ ಹದಿನೆಂಟರ ಹುಡುಗನಿಗೆ ಹೇಳಿ ನೋಡಿ. ಫೋಟೊವನ್ನೇಕೆ ತೊಳೆಯಬೇಕು, ಅದೇನು ಅಂಗಿಯೇ ಎಂದು ಕೇಳುತ್ತಾನೆ. ಅಂಕಲಗಿ, ಗೋಕಾಕ, ಹುಕ್ಕೇರಿ ಕಡೆಯ ನಮ್ಮ ಮಾತಿನಲ್ಲಿ ಮೂವತ್ತು ವರ್ಷಗಳ ಹಿಂದೆ ಈ 'ತೊಳೆಸು' ಎಂಬುದು ಎಷ್ಟು ಸಹಜವಾಗಿತ್ತೆಂದರೆ, ಅದರ ಹಿಂದೆ ನಿಜಕ್ಕೂ ನೀರಿದೆ, ರಾಸಾಯನಿಕವಿದೆ, ಒಂದು ಕತ್ತಲ ಕೋಣೆಯಿದೆ ಎಂದು ಯಾರೂ ಯೋಚಿಸುತ್ತಿರಲಿಲ್ಲ. ಆ ಕೋಣೆ ಮುಚ್ಚಿತು, ಅದರ ಬೆನ್ನಿಗೆ ಆ ಮಾತೂ ಹೋಯಿತು. ಆದರೆ ಕೋಣೆಯನ್ನು ಬಿಡಲೊಲ್ಲದ ಕೆಲವರು ಇನ್ನೂ ಇದ್ದಾರೆ. ಡಿಜಿಟಲ್ ಕ್ಯಾಮರಾ ಕೈಗೆಟುಕುವಂತಿದ್ದರೂ ರೋಲಿನ ಕ್ಯಾಮರಾವನ್ನೇ ಆರಿಸಿಕೊಳ್ಳುವವರು ಇವರು. ಹಳೆಯದಕ್ಕೆ ಜೋತುಬಿದ್ದವರೆಂದು ಇವರನ್ನು ನಗುವುದು ಸುಲಭ. ಆದರೆ ಇವರ ಹಟದ ಒಳಗೊಂದು ಪ್ರಶ್ನೆಯಿದೆ. ಯಾರೂ ನೋಡದೆ ಇರುವಾಗ ಚಿತ್ರ ಎಲ್ಲಿರುತ್ತದೆ? ಆ ಪ್ರಶ್ನೆಯ ಜಾಡು ಹಿಡಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅದು ನಮ್ಮ ಸೀಮೆಯಿಂದ ಬಹಳ ದೂರದ ಇತಿಹಾಸವೇನೂ ಅಲ್ಲ.

1839ರಲ್ಲಿ ಫ್ರಾನ್ಸಿನ ಡಾಗೇರ್ ಲೋಹದ ತಗಡಿನ ಮೇಲೆ ಚಿತ್ರ ಮೂಡಿಸುವ ವಿಧಾನವನ್ನು ಜಗತ್ತಿಗೆ ತೋರಿಸಿದ. ಆ ಚಿತ್ರ ಒಂದೇ ಪ್ರತಿ, ಕಳೆದರೆ ಕಳೆಯಿತು. ಇಂಗ್ಲೆಂಡಿನ ಟಾಲ್ಬಟ್ ಬೇರೆ ದಾರಿ ಹಿಡಿದ. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಮೊದಲು ಬಿಳಿಯದು ಕರಿಯಾಗಿ, ಕರಿಯದು ಬಿಳಿಯಾಗಿ ಮೂಡಬೇಕು. ಅದರಿಂದ ಎಷ್ಟು ಬೇಕೋ ಅಷ್ಟು ಪ್ರತಿ ತೆಗೆಯಬಹುದು. ಈ ತಿರುವುಮುರುವಿನ ಚಿತ್ರಕ್ಕೆ 'ನೆಗೆಟಿವ್' ಎಂದು ಹೆಸರಿಟ್ಟವನು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ನಮ್ಮ ಸ್ಟುಡಿಯೋಗಳಲ್ಲಿ 'ಹೈಪೊ' ಎಂದು ಕರೆಯುತ್ತಿದ್ದ ದ್ರಾವಣ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಕೊಂಡವನೂ ಅವನೇ.

ಈ ಕಾಗದದ ನೆಗೆಟಿವ್ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕನ್ನಡ ನಾಡಿಗೆ ಬಂತು. ಮುಂಬಯಿ ಸೈನ್ಯದ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು 1855ರಲ್ಲಿ ಸರಕಾರ ಛಾಯಾಗ್ರಾಹಕನನ್ನಾಗಿ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳತ್ತ ಕಳಿಸಿತು. ಆ ವರ್ಷದ ಕೊನೆಗೆ ಅವನನ್ನು ಮತ್ತೆ ಸೈನ್ಯಕ್ಕೆ ಕರೆಸಿಕೊಂಡರು. ಅವನ ಜಾಗಕ್ಕೆ ಬಂದವರಿಬ್ಬರೂ ವೈದ್ಯರು. ಮೊದಲು ಪಿಗೂ, ಅವನ ನಂತರ ನೀಲ್. ಈ ಮೂವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಎರಡು ದೊಡ್ಡ ಪುಸ್ತಕಗಳಾದವು. ಒಂದು ಬಿಜಾಪುರದ ವಾಸ್ತುಶಿಲ್ಪದ ಮೇಲೆ, ಇನ್ನೊಂದು ಧಾರವಾಡ ಮತ್ತು ಮೈಸೂರಿನ ಮೇಲೆ. ಇತಿಹಾಸದ ಟಿಪ್ಪಣಿ ಬರೆದವನು ಸುರಪುರದ ಕಡೆಯವರು ಇಂದಿಗೂ ನೆನೆಯುವ ಮೆಡೋಸ್ ಟೇಲರ್. ಬೆಳಗಾವಿ ಸೀಮೆಗೆ ಬಂದರೆ, ಪಶ್ಚಿಮ ಭಾರತದ ಪುರಾತತ್ವ ಇಲಾಖೆಯ ಮೊದಲ ವರದಿಯೇ ನಮ್ಮದು. 1874ರಲ್ಲಿ ಜೇಮ್ಸ್ ಬರ್ಜೆಸ್ ಬರೆದ ಆ ವರದಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಕುರಿತದ್ದು.

ಈ ಅಧಿಕಾರಿಗಳು ಕಲ್ಲನ್ನೇ ಯಾಕೆ ಹಿಡಿದರು? ಕಲ್ಲು ಅಲುಗುವುದಿಲ್ಲ ಎಂಬುದು ಒಂದು ಕಾರಣ. ಆ ಕಾಗದಕ್ಕೆ ಬೆಳಕು ತಾಕಲು ನಿಮಿಷಗಟ್ಟಲೆ ಬೇಕಿತ್ತು. ನಡುವೆ ಯಾರಾದರೂ ನಡೆದುಹೋದರೆ ಗುರುತೂ ಉಳಿಯುತ್ತಿರಲಿಲ್ಲ. ಆದರೆ ಅಷ್ಟೇ ಕಾರಣವಲ್ಲ ಎಂದು ನನ್ನ ಎಣಿಕೆ. ಗೆದ್ದ ನಾಡಿನ ಸ್ಮಾರಕಗಳನ್ನು ಪಟ್ಟಿ ಮಾಡುವುದು ಅವರ ಕೆಲಸವಾಗಿತ್ತು. ಆ ಭಾರದ ಪೆಟ್ಟಿಗೆಗಳನ್ನು ಹೊತ್ತು ಬಿಸಿಲಲ್ಲಿ ನಡೆದವರ ಮುಖ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇದೇ ಕಾಲದ ಇನ್ನೊಂದು ಕತೆ ಹಂಪೆಯದು. ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳನ್ನು ದೊಡ್ಡ ದೊಡ್ಡ ಮೇಣಗಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಅವು ಇಂಗ್ಲೆಂಡಿಗೆ ಹೋಗಿ, ಯಾರೂ ಕೇಳುವವರಿಲ್ಲದೆ ಬಹುಕಾಲ ಬಿದ್ದಿದ್ದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ದೊಡ್ಡ ಫಿಲ್ಮಿನ ಕ್ಯಾಮರಾ ಹೊತ್ತು ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದ. ನೂರಿಪ್ಪತ್ತೈದು ವರ್ಷಗಳಲ್ಲಿ ಯಾವ ಕಂಬ ಬಿದ್ದಿದೆ, ಯಾವ ಗೋಪುರ ಸವೆದಿದೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಗ್ರೀನ್‌ಲಾನ ಚಿತ್ರಗಳು 2008ರಲ್ಲಿ ಜಾರ್ಜ್ ಮಿಶೆಲ್ ಸಂಪಾದಿಸಿದ ಪುಸ್ತಕವಾಗಿಯೂ ಬಂದವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾಗದವನ್ನು ಇಷ್ಟು ವರ್ಷ ಯಾರೂ 'ಉಳಿಸಿ'ರಲಿಲ್ಲ, ಯಾರೂ ಕೆಡಿಸಲಿಲ್ಲ ಅಷ್ಟೇ. ಅಲಕ್ಷ್ಯವನ್ನು ತಾಳಿಕೊಳ್ಳುವ ಶಕ್ತಿ ನೆಗೆಟಿವ್‌ಗಿದೆ. ಡಿಜಿಟಲ್ ಕಡತಕ್ಕೆ ಆ ಶಕ್ತಿ ಕಡಿಮೆ. ಅದನ್ನು ಐದಾರು ವರ್ಷಕ್ಕೊಮ್ಮೆ ಯಾರಾದರೂ ಎತ್ತಿ ಹೊಸ ಪೆಟ್ಟಿಗೆಗೆ ಹಾಕುತ್ತಿರಬೇಕು.

ಫಿಲ್ಮ್ ಎಂದರೆ ಏನೆಂದು ಹೊಸಬರಿಗೆ ಹೇಳಿಬಿಡುತ್ತೇನೆ. ತೆಳ್ಳನೆಯ ಪಾರದರ್ಶಕ ಪಟ್ಟಿಯ ಮೇಲೆ ಜೆಲಟಿನ್ ಲೇಪ. ಪ್ರಾಣಿಗಳ ಎಲುಬು, ತೊಗಲಿನಿಂದ ತೆಗೆದ ಅಂಟು ಅದು. ಅದರೊಳಗೆ ಬೆಳ್ಳಿಯ ಬ್ರೋಮೈಡ್ ಹರಳುಗಳು. ಗುಂಡಿ ಒತ್ತಿದಾಗ ಬೆಳಕು ತಾಕಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಕೆಲವು ಪರಮಾಣುಗಳು ಬಿಡುಗಡೆಯಾಗುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಚಿತ್ರ ಆಗಲೇ ಅಲ್ಲಿದೆ, ಮುಸುಕಿನೊಳಗೆ. ಮೆಟಾಲ್, ಹೈಡ್ರೊಕ್ವಿನೋನ್ ಬೆರೆಸಿದ ನೀರಿನಲ್ಲಿ ಅದ್ದಿದಾಗ ಆ ಹರಳುಗಳು ಇಡಿಯಾಗಿ ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ತಾಕದ ಹರಳುಗಳನ್ನು ಹೈಪೊ ತೊಳೆದುಹಾಕುತ್ತದೆ. ಆ ಮುಸುಕಿನ ಚಿತ್ರ ಎಷ್ಟು ದಿನ ಕಾಯಬಲ್ಲದು? 1897ರಲ್ಲಿ ಸ್ವೀಡನ್ನಿನ ಆಂದ್ರೇ ಎಂಬಾತ ಇಬ್ಬರು ಜೊತೆಗಾರರೊಡನೆ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಹಿಮದಲ್ಲಿ ಕಾಣೆಯಾದ. 1930ರಲ್ಲಿ ಒಂದು ದ್ವೀಪದಲ್ಲಿ ಅವರ ಅವಶೇಷ ಸಿಕ್ಕಿತು, ಜೊತೆಗೆ ಫಿಲ್ಮೂ ಸಿಕ್ಕಿತು. 33 ವರ್ಷ ಮಂಜಿನಲ್ಲಿದ್ದ ಆ ಫಿಲ್ಮನ್ನು ತೊಳೆದಾಗ, ನೆಲಕ್ಕುರುಳಿದ ಬಲೂನಿನ ಪಕ್ಕದಲ್ಲಿ ನಿಂತ ಮನುಷ್ಯರು ಎದ್ದುಬಂದರು.

ಹಿಮದ ನಾಡಿನಿಂದ ನಮ್ಮ ಗೋಕಾಕದ ಬಿಸಿಲಿಗೆ ಬರೋಣ. ನಾವು ಹುಡುಗರಾಗಿದ್ದಾಗ ನಮ್ಮ ಭಾಗದ ಸ್ಟುಡಿಯೋ ಎಂದರೆ ಒಂದು ಉದ್ದನೆಯ ಕೋಣೆ, ಗೋಡೆಗೆ ಬಣ್ಣ ಬಳಿದ ಪರದೆ, ಪರದೆಯಲ್ಲಿ ಎಂದೂ ಕಾಣದ ಊರಿನ ಕೆರೆ, ಹಂಸ, ಮೆಟ್ಟಿಲು. ಒಂದು ಬಾಚಣಿಕೆ, ಪೌಡರ್ ಡಬ್ಬಿ, ಕನ್ನಡಿ. ಕೋಟು ಇಲ್ಲದವರಿಗೆ ಕೋಟು. ಒಳಗೆ ಕೆಂಪು ದೀಪದ ಕತ್ತಲ ಕೋಣೆ. ಮಾಸ್ತರರು ನೆಗೆಟಿವ್ ಅನ್ನು ಓರೆಯಾದ ಗಾಜಿನ ಮೇಲಿಟ್ಟು ಚೂಪಾದ ಪೆನ್ಸಿಲಿನಿಂದ 'ಟಚಿಂಗ್' ಮಾಡುತ್ತಿದ್ದರು. ಸಿಡುಬಿನ ಕಲೆಗಳು, ಕಣ್ಣ ಕೆಳಗಿನ ನೆರಳುಗಳು ಆ ಪೆನ್ಸಿಲಿಗೆ ಮಾಯವಾಗುತ್ತಿದ್ದವು. ಕನ್ಯೆ ತೋರಿಸಲು ಕಳಿಸುವ ಫೋಟೊಕ್ಕೆ ಟಚಿಂಗ್ ಜಾಸ್ತಿ. ಫಿಲ್ಮಿನಲ್ಲಿ ಸುಳ್ಳಿರಲಿಲ್ಲ, ಡಿಜಿಟಲ್ ಬಂದ ಮೇಲೆ ಸುಳ್ಳು ಬಂತು ಎನ್ನುವವರು ಈ ಪೆನ್ಸಿಲನ್ನು ನೆನಪಿಟ್ಟುಕೊಳ್ಳಬೇಕು.

ಮನೆಗಳಿಗೆ ಕ್ಯಾಮರಾ ಬಂದಿದ್ದು ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀಯಿಂದ. ಕರಿ ಡಬ್ಬಿ, ಒಂದು ರೋಲಿಗೆ ಹನ್ನೆರಡು ಚೌಕಾಕಾರದ ಚಿತ್ರ. ಬಿಸಿಲು, ಮೋಡ ಎಂದು ಎರಡು ಗುರುತು ಬಿಟ್ಟರೆ ತಿರುಗಿಸಲು ಬೇರೇನಿಲ್ಲ. ಸ್ಟುಡಿಯೋದವರ ಕೈಯಲ್ಲಿ ಯಾಶಿಕಾ. ಹೊರದೇಶದ ಫಿಲ್ಮು ದುಬಾರಿ, ಆಮದಿಗೆ ಕಟ್ಟುಪಾಡು. ಅದಕ್ಕೆಂದೇ ಸರಕಾರ 1960ರಲ್ಲಿ ಊಟಿಯಲ್ಲಿ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಕಾರ್ಖಾನೆ ಹೂಡಿತು. 1967ರಿಂದ 'ಇಂದು' ಎಂಬ ಹೆಸರಿನಲ್ಲಿ ಅಲ್ಲಿಂದ ಫಿಲ್ಮು, ಕಾಗದ, ಆಸ್ಪತ್ರೆಗಳಿಗೆ ಎಕ್ಸರೇ ಫಿಲ್ಮು ಹೊರಬಂದವು. ಧೂಳಿಲ್ಲದ ತಂಪು ಹವೆ ಬೇಕೆಂದು ಬೆಟ್ಟದ ಮೇಲೆ ಕಟ್ಟಿದ ಕಾರ್ಖಾನೆ ಅದು. ಕಪ್ಪು ಬಿಳುಪಿನ ಕಾಲದಲ್ಲಿ ನಮ್ಮ ಊರುಗಳ ಎಷ್ಟೋ ಮುಖಗಳು ಆ ಇಂದು ಕಾಗದದ ಮೇಲೆ ಮೂಡಿದವು. ಬಣ್ಣದ ಫಿಲ್ಮಿಗೆ ಅದು ಹೊಂದಿಕೊಳ್ಳಲಿಲ್ಲ. 1990ರ ದಶಕದ ನಡುವಿಗೇ ರೋಗಗ್ರಸ್ತ ಉದ್ಯಮವೆನಿಸಿಕೊಂಡು, ಕೊನೆಗೆ ಬಾಗಿಲು ಹಾಕಿತು.

ಬಣ್ಣದ ಕಾಲದಲ್ಲಿ ಕತ್ತಲ ಕೋಣೆ ಊರಿನಿಂದ ಊರಿಗೆ ಹೋಯಿತು. ಬಣ್ಣದ ರೋಲು ತೊಳೆಯಲು ರಾಸಾಯನಿಕ ಸರಿಯಾಗಿ ಮೂವತ್ತೆಂಟು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಅದು ಯಂತ್ರದ ಕೆಲಸ. ರೋಲುಗಳು ಚೀಟಿ ಅಂಟಿಸಿಕೊಂಡು ಬಸ್ಸಿನಲ್ಲಿ ಬೆಳಗಾವಿಯ ಕಲರ್ ಲ್ಯಾಬಿಗೆ ಹೊರಡುತ್ತಿದ್ದವು. ಮದುವೆಗಳಲ್ಲಿ 36ರ ರೋಲಿನಿಂದ ಮೂವತ್ತೇಳು, ಮೂವತ್ತೆಂಟು ಚಿತ್ರ ಎಳೆಯುವುದು ಒಂದು ಹೆಚ್ಚುಗಾರಿಕೆ. ಇನ್ನೊಂದು ವಿದ್ಯೆಯೂ ಇತ್ತು, ಅದನ್ನು ಎಲ್ಲ ಊರಿನವರೂ ಬಲ್ಲರು. ಮದುವೆಯ ಮಂಟಪಕ್ಕೆ ಬೀಗರು ಗುಂಪುಗುಂಪಾಗಿ ಏರಿಬಂದಾಗ ಎಲ್ಲರಿಗೂ ಫಿಲ್ಮು ಸುಟ್ಟರೆ ಮನೆ ಯಜಮಾನ ದುಡ್ಡು ಕೊಡಲಾರ. ಅದಕ್ಕೆ ಮಾಸ್ತರರು ಗುಂಡಿ ಒತ್ತದೆ ಬರೀ ಫ್ಲ್ಯಾಶ್ ಹೊಡೆಯುತ್ತಿದ್ದರು. ಬೆಳಕು ಬಿತ್ತು, ಬೀಗರಿಗೆ ಸಂತೋಷ. "ಮಾಸ್ತರ, ಅದ್ರಾಗ ರೋಲ್ ಐತಿಲ್ಲೊ?" ಎಂದು ಒಬ್ಬ ಚಾಲಾಕಿ ಕಾಕಾ ಕೇಳಿಯೇ ಕೇಳುತ್ತಿದ್ದ. "ಐತ್ರಿ ಕಾಕಾ, ನೀವ್ ಸುಮ್ನ ನಿಂದರ್ರಿ." ಫಿಲ್ಮಿನ ಬೆಲೆಯೇ ಯಾರು ಉಳಿಯಬೇಕು, ಯಾರು ಉಳಿಯಬಾರದು ಎಂದು ತೀರ್ಮಾನಿಸುತ್ತಿತ್ತು. ಆಲ್ಬಮ್ಮಿನಲ್ಲಿ ಯಾವ ಬಡ ಸೋದರತ್ತೆ ಇಲ್ಲವೋ ಅವಳ ಪಾಲಿಗೆ ಬಂದಿದ್ದು ಖಾಲಿ ಫ್ಲ್ಯಾಶ್.

ಕನ್ನಡ ನಾಡಿನಲ್ಲಿ ಫಿಲ್ಮಿನ ಕ್ಯಾಮರಾವನ್ನು ಒಂದು ವ್ರತದಂತೆ ನಡೆಸಿದ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ಮೈಸೂರಿನ ಟಿ.ಎಸ್. ಸತ್ಯನ್ (1923-2009). ಪತ್ರಿಕಾ ಛಾಯಾಗ್ರಾಹಕರಾಗಿ ದೇಶ ಸುತ್ತಿದವರು, ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಿಡಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. 'ಕಾಲಕ್ಕೆ ಕನ್ನಡಿ' ಎಂಬ ಅವರ ನೆನಪುಗಳ ಪುಸ್ತಕವನ್ನು ಓದಿದವರಿಗೆ ಗೊತ್ತು, ಆ ಮನುಷ್ಯ ಗುಂಡಿ ಒತ್ತುವ ಮುಂಚೆ ಎಷ್ಟು ಹೊತ್ತು ಮಾತನಾಡುತ್ತಿದ್ದರೆಂದು. ಅವರ ಚಿತ್ರಗಳ ಸಾಮಾನ್ಯರು ಕ್ಯಾಮರಾಕ್ಕೆ ಹೆದರಿದವರಂತೆ ಕಾಣುವುದಿಲ್ಲ.

ಇನ್ನೊಬ್ಬರು ಸಂಡೂರಿನ ಎಂ.ವೈ. ಘೋರ್ಪಡೆ (1931-2011). ರಾಜಮನೆತನದವರು, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ. ಕಾಡುಪ್ರಾಣಿಗಳನ್ನು ಕಪ್ಪು ಬಿಳುಪಿನಲ್ಲಿ ಹಿಡಿಯುವುದು ಅವರ ಹವ್ಯಾಸವಲ್ಲ, ತಪಸ್ಸು. 1983ರಲ್ಲಿ ಅವರ ಚಿತ್ರಗಳ ಇಂಗ್ಲಿಷ್ ಪುಸ್ತಕ ಬಂದಾಗ ಜಗತ್ತೆಲ್ಲ ಬಣ್ಣದತ್ತ ತಿರುಗಿತ್ತು. ಘೋರ್ಪಡೆ ತಿರುಗಲಿಲ್ಲ. ಡಿಜಿಟಲ್ ಎದುರು ಫಿಲ್ಮನ್ನು ಆರಿಸಿಕೊಳ್ಳುವ ಇಂದಿನವರ ಪ್ರಶ್ನೆ ಹೊಸದಲ್ಲ ಎಂಬುದಕ್ಕೆ ಈ ಮಾತು ಹೇಳಿದೆ. ಬಣ್ಣ ಬಂದಾಗ ಕಪ್ಪು ಬಿಳುಪಿನವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಆನೆಯ ಚರ್ಮದ ಸುಕ್ಕು, ದೂಳಿನೊಳಗಿನ ಬೆಳಕು ಇವೆಲ್ಲಕ್ಕೆ ಬಣ್ಣ ಅಡ್ಡ ಬರುತ್ತದೆ ಎಂದು ಬಗೆದವರು ಬೆಳ್ಳಿಯಲ್ಲೇ ಉಳಿದರು.

ಕಾಲ ಅವರ ಪರವಾಗಿಯೇ ಸಾಕ್ಷಿ ನುಡಿದಿದೆ. ಬಣ್ಣದ ಫಿಲ್ಮನ್ನು ತೊಳೆಯುವಾಗ ಬೆಳ್ಳಿಯನ್ನೆಲ್ಲ ತೆಗೆದುಹಾಕುತ್ತಾರೆ. ಉಳಿಯುವುದು ಬರಿ ಬಣ್ಣದ ಕಲೆ, ಅದು ಬಿಸಿಲು ಸೆಕೆಗೆ ಮಾಸುತ್ತದೆ. ನಿಮ್ಮ ಮನೆಯ ಆಲ್ಬಮ್ಮುಗಳನ್ನೇ ತೆಗೆದು ನೋಡಿ. 1985ರ ಮದುವೆಯ ಬಣ್ಣದ ಫೋಟೊದಲ್ಲಿ ಮದುಮಗನ ಮುಖ ಕೆಂಪಾಗಿ, ಹಸಿರು ಪೂರ್ತಿ ಹೋಗಿರುತ್ತದೆ. 1960ರ ಅವನ ತಂದೆಯ ಕಪ್ಪು ಬಿಳುಪಿನ ಫೋಟೊದಲ್ಲಿ ಟೋಪಿಯ ಹೊಲಿಗೆಯೂ ಕಾಣುತ್ತದೆ. ಫಿಲ್ಮೆಲ್ಲವೂ ಶಾಶ್ವತ ಎನ್ನುವ ಭಕ್ತರಿಗೆ ಇದು ಹಿಡಿಸದ ಮಾತು, ಆದರೂ ಹೇಳಲೇಬೇಕು.

ಮುಸ್ಲಿಮ್ ಮನೆಗಳಲ್ಲಿ ಈ ಕತೆಗೆ ಇನ್ನೊಂದು ಮಡಿಕೆಯಿದೆ. ಮೊದಲು ಶಬ್ದಗಳ ವಿಚಾರ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆಯೇ ಕತ್ತಲ ಕೋಣೆಯ ಸಣ್ಣ ತೂತಿನಿಂದ ಗ್ರಹಣದ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಪರೀಕ್ಷಿಸಿದ್ದ. ಇದು ನಿಜ. ಆದರೆ 'ಕ್ಯಾಮರಾ' ಶಬ್ದವೇ ಅರಬಿ 'ಕಮರಾ'ದಿಂದ ಬಂತೆಂದು ನಮ್ಮ ಭಾಷಣಗಳಲ್ಲಿ ಆಗಾಗ ಕೇಳಿಬರುವುದು ನಿಜವಲ್ಲ. ಅದು ಗ್ರೀಕ್ ಮೂಲದ ಲ್ಯಾಟಿನ್ ಶಬ್ದ, ಅರ್ಥ ಕೋಣೆ. ತಮಾಷೆಯೆಂದರೆ ನಾವು ಉರ್ದುವಿನಲ್ಲಿ ಕೋಣೆಗೆ ಹೇಳುವ 'ಕಮ್ರಾ' ಕೂಡ ಪೋರ್ಚುಗೀಸರ ಮೂಲಕ ಅದೇ ಲ್ಯಾಟಿನ್ನಿನಿಂದ ಬಂದದ್ದು. ಕತ್ತಲ ಕೋಣೆಯೊಳಗೆ ಕ್ಯಾಮರಾ ಹಿಡಿದು ನಿಂತವನು ಒಂದೇ ಶಬ್ದವನ್ನು ಎರಡು ಸಲ ಆಡಿದಂತಾಯಿತು.

ಫೋಟೊಕ್ಕೆ ಫಾರಸಿಯಲ್ಲಿ 'ಅಕ್ಸ್' ಎನ್ನುತ್ತಾರೆ, ಉರ್ದುವಿನಲ್ಲಿ ಆ ಕಲೆ 'ಅಕ್ಕಾಸಿ'. ಅಕ್ಸ್ ಎಂದರೆ ಪ್ರತಿಬಿಂಬ. ಕನ್ನಡದಲ್ಲಿ ಛಾಯಾಚಿತ್ರ, ಎಂದರೆ ನೆರಳಿನ ಚಿತ್ರ. ಈಜಿಪ್ತಿನಲ್ಲಿ 1914ರಿಂದ 1920ರವರೆಗೆ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಫೋಟೊ ಸಲ್ಲುತ್ತದೆ ಎಂದು ಒಂದು ಕಿರುಪುಸ್ತಕ ಬರೆದರು. ಅವರ ವಾದದ ತಿರುಳು 'ಹಬ್ಸುಝ್ಝಿಲ್', ನೆರಳನ್ನು ಸೆರೆಹಿಡಿಯುವುದು. ಕೈಯಿಂದ ಬರೆದ ತಸ್ವೀರಿನಲ್ಲಿ ಮನುಷ್ಯ ಒಂದು ರೂಪವನ್ನು ಸೃಷ್ಟಿಸುತ್ತಾನೆ. ಫೋಟೊದಲ್ಲಿ ಅಲ್ಲಾಹನು ಸೃಷ್ಟಿಸಿದ್ದರ ನೆರಳು ತಾನಾಗಿ ಬಂದು ನಿಲ್ಲುತ್ತದೆ, ಮನುಷ್ಯ ಅದನ್ನು ಹೋಗಗೊಡುವುದಿಲ್ಲ, ಅಷ್ಟೇ. ನಮ್ಮ ಛಾಯಾಚಿತ್ರ ಶಬ್ದವನ್ನು ಟಂಕಿಸಿದವರಿಗೂ ಕೈರೋದ ಮುಫ್ತಿಗೂ ಹೊಳೆದದ್ದು ಒಂದೇ ಉಪಮೆ. ಹಿಂದುಸ್ತಾನದ ಉಲೇಮಾಗಳಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಅದೇ ಕಾಲಕ್ಕೆ, 1912ರಲ್ಲಿ ಶುರುವಾದ ಮೌಲಾನಾ ಆಜಾದರ 'ಅಲ್ ಹಿಲಾಲ್' ಪತ್ರಿಕೆ ಫೋಟೊಗಳನ್ನು ಅಚ್ಚುಹಾಕಿತು. ದೇವಬಂದಿನ ಮುಖ್ಯಸ್ಥರು 2013ರಲ್ಲಿ ಕೂಡ ಗುರುತಿನ ಚೀಟಿ, ಪಾಸ್‌ಪೋರ್ಟಿನಂಥ ಅಗತ್ಯ ಬಿಟ್ಟರೆ ಫೋಟೊ ಸಲ್ಲದು ಎಂದೇ ಹೇಳಿದರು.

ಡಿಜಿಟಲ್ ಬಂದ ಮೇಲೆ ಈ ಚರ್ಚೆ ವಿಚಿತ್ರ ತಿರುವು ಪಡೆಯಿತು. ಪಾಕಿಸ್ತಾನದ ಮುಫ್ತಿ ತಕೀ ಉಸ್ಮಾನಿಯವರಂಥ ವಿದ್ವಾಂಸರು ಒಂದು ವ್ಯತ್ಯಾಸ ಗುರುತಿಸಿದರು. ಫಿಲ್ಮಿನ ಮೇಲೆ ಅಥವಾ ಕಾಗದದ ಮೇಲೆ ಆಕೃತಿ ಒಂದು ಕಡೆ ನೆಲೆ ನಿಂತಿರುತ್ತದೆ, ಆದ್ದರಿಂದ ಅದು ತಸ್ವೀರ್. ಡಿಜಿಟಲ್ಲಿನಲ್ಲಿ ಆಕೃತಿ ಎಲ್ಲಿಯೂ ನೆಲೆ ನಿಂತಿಲ್ಲ. ಪರದೆಯ ಮೇಲೆ ಬೆಳಕಿನ ಚುಕ್ಕೆಗಳಾಗಿ ಮೂಡಿ ಮಾಯವಾಗುತ್ತದೆ, ಕನ್ನಡಿಯ ಬಿಂಬದಂತೆ. ಕಾಗದಕ್ಕೆ ಇಳಿಯುವವರೆಗೆ ಅದು ತಸ್ವೀರ್ ಅಲ್ಲ. ಒಪ್ಪದವರೂ ಬಹಳ ಮಂದಿ. ಯಾವುದು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ಕತೆ ಬರೆಯುವವನಿಗಿಲ್ಲ. ಆದರೆ ಸೋಜಿಗ ನೋಡಿ, ರೋಲಿನ ಕ್ಯಾಮರಾ ಬಿಡದ ಛಾಯಾಗ್ರಾಹಕ ಹೇಳುವುದೂ ಅಕ್ಷರಶಃ ಇದನ್ನೇ. ನೆಗೆಟಿವ್ ಅನ್ನು ಕಿಟಕಿಗೆ ಹಿಡಿದರೆ ಕರೆಂಟಿಲ್ಲದೆ, ಯಂತ್ರವಿಲ್ಲದೆ ಕಾಣುತ್ತದೆ. ಡಿಜಿಟಲ್ಲಿನಲ್ಲಿ ಇರುವುದು ಸಂಖ್ಯೆಗಳ ಸಾಲು. ಮುಫ್ತಿಗೆ ಯಾವುದು ವಿನಾಯಿತಿಯ ಕಾರಣವಾಯಿತೋ, ಛಾಯಾಗ್ರಾಹಕನಿಗೆ ಅದೇ ಆತಂಕದ ಕಾರಣ.

ಈ ಚರ್ಚೆಗಳೆಲ್ಲ ಮದರಸಾಗಳಲ್ಲಿ ನಡೆಯುತ್ತಿದ್ದಾಗ ಮನೆಯಲ್ಲಿ ಏನಾಗುತ್ತಿತ್ತು? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ದಾದಿ, ನಾನಿಯರ ಫೋಟೊ ಎಂದರೆ ಹಜ್ ಅರ್ಜಿಗೆ ತೆಗೆಸಿದ ಅಂಗೈಗಿಂತ ಸಣ್ಣ ಚೌಕ ಮಾತ್ರ. ಮುಂಬಯಿಯಿಂದ ಜಿದ್ದಾಕ್ಕೆ ಹಡಗು ಹೋಗುತ್ತಿದ್ದ ಕಾಲ ಅದು. 1995ರಲ್ಲಿ ಆ ಹಡಗು ನಿಂತಿತು. ಅರ್ಜಿಗೆ ಬೇಕಾದಷ್ಟು ಪ್ರತಿ ಕೊಟ್ಟು ಉಳಿದ ಒಂದೆರಡನ್ನು ಕುರಾನಿನ ಗವಸಿನಲ್ಲಿ ಅಲ್ಲ, ಪಡಿತರ ಚೀಟಿಯ ಪ್ಲಾಸ್ಟಿಕ್ಕಿನೊಳಗೆ ಇಡುತ್ತಿದ್ದರು. ಒಂದು ಸಲ ಕ್ಯಾಮರಾದ ಮುಂದೆ ಕೂತು, ಸೆರಗು ಸರಿಪಡಿಸಿಕೊಂಡು, ನೆಟ್ಟಗೆ ನೋಡಿದ ಮುದುಕಿ. ಅವಳ ಇಡೀ ಬದುಕಿಗೆ ಉಳಿದ ಏಕೈಕ ದೃಶ್ಯ ಅದು, ಅದೂ ಸರಕಾರ ಕೇಳಿದ್ದಕ್ಕೆ.

ಹೆಂಗಸರು ಸ್ಟುಡಿಯೋಗೆ ಹೋಗಲು ಹಿಂಜರಿಯುತ್ತಿದ್ದುದು ಫತ್ವಾಗಳ ಕಾರಣಕ್ಕಷ್ಟೇ ಅಲ್ಲ. ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯುತ್ತಿತ್ತು. ಪರಪುರುಷನೊಬ್ಬ ಕತ್ತಲ ಕೋಣೆಯಲ್ಲಿ ಕೂತು ಮನೆಯ ಹೆಣ್ಣುಮಗಳ ಮುಖವನ್ನು ತೊಳೆದು, ಒಣಗಿಸಿ, ತಿದ್ದಿ, ತನ್ನ ಡಬ್ಬಿಯಲ್ಲಿಟ್ಟುಕೊಳ್ಳುತ್ತಾನೆ ಎಂಬ ಭಯ. "ಫೋಟೊ ಜೋಡಿ ನೆಗೆಟಿವೂ ಇಸ್ಕೊಂಡ್ ಬಾ" ಎಂದು ಅ‌ಬ್ಬಾಗಳು ಮಕ್ಕಳಿಗೆ ಹೇಳಿ ಕಳಿಸುತ್ತಿದ್ದರು. ಹಿಂದೂ ಮನೆಗಳಲ್ಲೂ ಈ ಭಯ ಕಡಿಮೆಯೇನಿರಲಿಲ್ಲ. ಮೊಬೈಲ್ ಬಂದು ಆ ಕತ್ತಲ ಕೋಣೆಯ ಮನುಷ್ಯನನ್ನು ನಡುವಿನಿಂದ ತೆಗೆದುಹಾಕಿತು. ಅಕ್ಕ ತಂಗಿಯದು, ಮಗಳು ತಾಯಿಯದು ಫೋಟೊ ತೆಗೆದಳು. ಅಂಕಲಗಿಯ ಅಡಿಗೆಮನೆಗಳ, ಹಿತ್ತಲುಗಳ ಚಿತ್ರಗಳು ಮೊದಲ ಬಾರಿಗೆ ಹುಟ್ಟಿದ್ದು ಆಗ. ಫಿಲ್ಮಿನ ಹಿರಿಮೆ ಹಾಡುವವರು ಇದನ್ನು ಮರೆಯುತ್ತಾರೆ. ನೂರೈವತ್ತು ವರ್ಷ ಫಿಲ್ಮಿಗೆ ಸಾಧ್ಯವಾಗದ್ದನ್ನು ಡಿಜಿಟಲ್ ಹತ್ತೇ ವರ್ಷದಲ್ಲಿ ಮಾಡಿತು. ಹೊಸ ಭಯಗಳನ್ನೂ ತಂದಿತು, ಆ ಮಾತು ಬೇರೆ.

ಡಿಜಿಟಲ್ ಕ್ಯಾಮರಾ ಹುಟ್ಟಿದ್ದು ಫಿಲ್ಮಿನ ಮನೆಯಲ್ಲೇ. 1975ರಲ್ಲಿ ಕೊಡಾಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೂರೂವರೆ ಕಿಲೋ ದಾಟುವ ಒಂದು ಡಬ್ಬಿ ಕಟ್ಟಿದ. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಬೇಕು, ಚಿತ್ರದಲ್ಲಿ ಹತ್ತು ಸಾವಿರ ಚುಕ್ಕೆ. ಕಂಪನಿ ಅದನ್ನು ಬದಿಗಿಟ್ಟಿತು. ಮುಂದಿನದು ವೇಗವಾಗಿ ನಡೆಯಿತು. ಆಗ್ಫಾಫೋಟೊ 2005ರಲ್ಲಿ ದಿವಾಳಿ. 2006ರಲ್ಲಿ ನಿಕಾನ್ ತನ್ನ ಫಿಲ್ಮ್ ಕ್ಯಾಮರಾಗಳಲ್ಲಿ ಬಹುಪಾಲನ್ನು ನಿಲ್ಲಿಸಿತು, ಕೊನಿಕಾ ಮಿನೋಲ್ಟಾ ಕ್ಯಾಮರಾ ವ್ಯಾಪಾರವನ್ನೇ ಬಿಟ್ಟಿತು. ಕೊಡಾಕ್ ತನ್ನ ಕೊಡಾಕ್ರೋಮ್ ಫಿಲ್ಮನ್ನು 2009ರಲ್ಲಿ ಕೈಬಿಟ್ಟು, 2012ರ ಜನವರಿಯಲ್ಲಿ ತಾನೇ ದಿವಾಳಿಯ ಅರ್ಜಿ ಹಾಕಿತು. ಅದೇ ಹೊತ್ತಿಗೆ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಕಂಪ್ಯೂಟರ್ ಕೂತು, ಎನ್ಲಾರ್ಜರ್ ಅಟ್ಟ ಸೇರಿತು. ಪೆನ್ಸಿಲ್ ಹಿಡಿಯುತ್ತಿದ್ದ ಮಾಸ್ತರರಿಗೆ ಮೌಸ್ ಹಿಡಿಯಲು ಬರಲಿಲ್ಲ, ಹುಡುಗರು ಬಂದರು. ಇದನ್ನು ಅನ್ಯಾಯವೆಂದು ಬರೆಯಲಾರೆ. ಕೆಲಸ ಹೋಯಿತು, ಅಷ್ಟೇ ನಿಜ.

ಹೀಗಿರುವಾಗ ಫಿಲ್ಮು ಸಾಯಲಿಲ್ಲ ಏಕೆ? ಇಂಗ್ಲೆಂಡಿನ ಇಲ್ಫರ್ಡ್ ಕಪ್ಪು ಬಿಳುಪಿನ ಫಿಲ್ಮನ್ನು ಬಿಡಲೇ ಇಲ್ಲ. ಕೊಡಾಕ್ ತಾನು ನಿಲ್ಲಿಸಿದ್ದ ಎಕ್ಟಾಕ್ರೋಮ್ ಅನ್ನು 2018ರಲ್ಲಿ ಮರಳಿ ತಂದಿತು. ಲೈಕಾ 2022ರಲ್ಲಿ ತನ್ನ ಹಳೆಯ ಎಂ6 ಕ್ಯಾಮರಾವನ್ನು ಮತ್ತೆ ತಯಾರಿಸಿತು. 2023ರ 'ಓಪನ್‌ಹೈಮರ್' ಸಿನಿಮಾಕ್ಕೆಂದೇ ದೊಡ್ಡ ಅಳತೆಯ ಕಪ್ಪು ಬಿಳುಪಿನ ಫಿಲ್ಮನ್ನು ಹೊಸದಾಗಿ ಮಾಡಿದರು. ಪೆಂಟಾಕ್ಸ್ 2024ರಲ್ಲಿ ಹೊಚ್ಚ ಹೊಸ ಫಿಲ್ಮ್ ಕ್ಯಾಮರಾ ಬಿಡುಗಡೆ ಮಾಡಿತು. ನಮ್ಮ ನೆರೆಯ ಗೋವಾದಲ್ಲಿ ಪಿ. ಮಾಧವನ್ ಹಳೆಯ ವಿಧಾನಗಳ ಛಾಯಾಚಿತ್ರಣ ಕಲಿಸಲೆಂದೇ ಒಂದು ಕೇಂದ್ರ ಕಟ್ಟಿದರು. ಸೂಜಿತೂತಿನ ಡಬ್ಬಿಯಲ್ಲಿ ಚಿತ್ರ ಹಿಡಿಯುವುದನ್ನು ಅಲ್ಲಿ ಕಲಿತವರಿದ್ದಾರೆ. ಹಳೆಯ ಯಾಶಿಕಾವನ್ನು ಅಜ್ಜನ ಪೆಟ್ಟಿಗೆಯಿಂದ ತೆಗೆದು ಒರೆಸುವ ಹುಡುಗರು ಬೆಂಗಳೂರಿನಲ್ಲಷ್ಟೇ ಅಲ್ಲ, ಬೆಳಗಾವಿ ಧಾರವಾಡದಲ್ಲೂ ಕಾಣಸಿಗುತ್ತಾರೆ. ಇದರಲ್ಲಿ ಶೋಕಿ ಇಲ್ಲವೆಂದಲ್ಲ, ಸಾಕಷ್ಟಿದೆ. ರೋಲಿನ ಬೆಲೆ ನಮ್ಮ ಕಾಲಕ್ಕಿಂತ ಹಲವು ಪಟ್ಟು ಏರಿದೆ, ಬಡವನ ಕೈಗೆ ಅದು ನಿಲುಕುವುದಿಲ್ಲ.

ಶೋಕಿ ಕಳೆದು ಉಳಿಯುವ ಕಾರಣಗಳಲ್ಲಿ ನನಗೆ ತೂಕದ್ದೆನಿಸುವುದು ಎರಡು. ಮೊದಲನೆಯದು, ಮೂವತ್ತಾರೇ ಇದೆ ಎಂಬ ಎಚ್ಚರ. ಎಣಿಕೆ ಇದ್ದಾಗ ಕಣ್ಣು ಕೈಗಿಂತ ಮುಂಚೆ ಕೆಲಸ ಮಾಡುತ್ತದೆ. ಎರಡನೆಯದು ನೆಗೆಟಿವ್. ಬ್ರೆಜಿಲಿನ ಸೆಬಾಸ್ಟಿಯಾವೊ ಸಾಲ್ಗಾಡೊ ಜಗತ್ತಿನ ದೊಡ್ಡ ಛಾಯಾಗ್ರಾಹಕರಲ್ಲಿ ಒಬ್ಬರು, 2025ರಲ್ಲಿ ತೀರಿಕೊಂಡರು. ವಿಮಾನ ನಿಲ್ದಾಣಗಳ ಎಕ್ಸರೇ ಯಂತ್ರಗಳು ತಮ್ಮ ರೋಲುಗಳನ್ನು ಕೆಡಿಸುತ್ತವೆಂದು ಬೇಸತ್ತು ಅವರು 2008ರಲ್ಲಿ ಡಿಜಿಟಲ್ಲಿಗೆ ಹೋದರು. ಹೋದರೂ ಏನು ಮಾಡಿದರು ಗೊತ್ತೆ? ಡಿಜಿಟಲ್ ಕಡತದಿಂದ ಮತ್ತೆ ದೊಡ್ಡ ಫಿಲ್ಮಿನ ನೆಗೆಟಿವ್ ಮಾಡಿಸಿ ಇಟ್ಟರು. ಚಿತ್ರ ತೆಗೆಯಲು ಹೊಸದು, ಉಳಿಸಲು ಹಳೆಯದು.

ಉಳಿಸುವ ಮಾತು ನಮಗೆ ಮನದಟ್ಟಾದದ್ದು 2019ರ ಆಗಸ್ಟಿನಲ್ಲಿ. ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದಳು, ಲೋಳಸೂರ ಸೇತುವೆ ಮುಳುಗಿತು. ನೀರಿಳಿದ ಮೇಲೆ ಜನ ಮೊದಲು ಹುಡುಕಿದ್ದು ಕಾಗದಪತ್ರ, ನಂತರ ಆಲ್ಬಮ್ಮು. ಒಂದಕ್ಕೊಂದು ಅಂಟಿದ ಫೋಟೊಗಳನ್ನು ಬಿಡಿಸಲು ಹೋಗಿ ಮುಖವೇ ಕಿತ್ತುಬರುವುದು ಅಂಥ ಹೊತ್ತಿನಲ್ಲಿ ಸಾಮಾನ್ಯ. ನೆನೆದ ನೆಗೆಟಿವ್ ಅನ್ನು ಒಣಗಗೊಡದೆ ಸ್ವಚ್ಛ ತಣ್ಣೀರಿನಲ್ಲಿ ತೊಳೆದು ನೂಲಿಗೆ ತೂಗುಹಾಕಿದರೆ ಹಲವು ಸಲ ಉಳಿಯುತ್ತದೆ. ಅದು ಹುಟ್ಟಿದ್ದೇ ನೀರಿನಲ್ಲಿ. ನೀರು ಕುಡಿದ ಮೊಬೈಲು ಸಾಮಾನ್ಯವಾಗಿ ಮತ್ತೆ ಮಾತನಾಡುವುದಿಲ್ಲ. 2005ರ ಆಸುಪಾಸಿನ ಮದುವೆಗಳನ್ನು ತುಂಬಿಟ್ಟ ಸೀಡಿಗಳಿಗಂತೂ ನೆರೆಯೂ ಬೇಕಿಲ್ಲ. ಎಷ್ಟೋ ಸೀಡಿಗಳು ಕಪಾಟಿನಲ್ಲಿ ಕೂತಲ್ಲೇ ಕುರುಡಾಗಿವೆ, ಉಳಿದವನ್ನು ಓದುವ ಪೆಟ್ಟಿಗೆಯೇ ಮನೆಯಲ್ಲಿಲ್ಲ.

ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು, 1924ರ ಡಿಸೆಂಬರಿನದು. ಶತಮಾನೋತ್ಸವದ ಹೊತ್ತಿಗೆ, 2024ರಲ್ಲಿ, ಅದರ ಚಿತ್ರಗಳನ್ನು ಎಲ್ಲರೂ ನೋಡಿದೆವು. ಬೆಳ್ಳಿಯಲ್ಲಿ ಮೂಡಿದವು ಆದ್ದರಿಂದ ನೂರು ವರ್ಷ ಬಂದವು. ಆದರೆ ಆ ಡಿಸೆಂಬರಿನಲ್ಲಿ ಅಧಿವೇಶನಕ್ಕೆ ಗಾಡಿ ಕಟ್ಟಿಕೊಂಡು ಹೋದ ನಮ್ಮ ಹಳ್ಳಿಗಳ ಜನರ ಚಿತ್ರ ಬೇಕೆಂದರೆ ಎಲ್ಲಿ ಹುಡುಕೋಣ? ದೊಡ್ಡವರ ನೆಗೆಟಿವ್‌ಗಳಿಗೆ ವಸ್ತುಸಂಗ್ರಹಾಲಯಗಳಿವೆ. ಸಾಮಾನ್ಯರ ನೆಗೆಟಿವ್‌ಗಳಿಗೆ ಊರ ಸ್ಟುಡಿಯೋ ಒಂದೇ ಆಶ್ರಯವಾಗಿತ್ತು. ಅದು ಮುಚ್ಚಿದಾಗ ಗಾಜಿನ ಪ್ಲೇಟುಗಳನ್ನು ಉಜ್ಜಿ ಪಟಗಳಿಗೆ ಕಟ್ಟು ಹಾಕುವ ಗಾಜಾಗಿ ಬಳಸಿದ್ದುಂಟು. ಕಪ್ಪು ಬಿಳುಪಿನ ಫಿಲ್ಮನ್ನು ಬೆಳ್ಳಿ ತೆಗೆಯುವವರು ಕಿಲೋ ಲೆಕ್ಕದಲ್ಲಿ ಒಯ್ದದ್ದೂ ಉಂಟು. ಒಂದು ಊರಿನ ಮೂರು ತಲೆಮಾರಿನ ಮುಖಗಳಿಂದ ಹೊರಡುವ ಬೆಳ್ಳಿ ಒಂದು ಕಾಲುಂಗುರಕ್ಕೆ ಸಾಲದೇನೊ.

ನಿಮ್ಮ ಊರಿನಲ್ಲಿ ಮುಚ್ಚಿದ ಸ್ಟುಡಿಯೋ ಇದ್ದರೆ, ಅದರ ಮಾಸ್ತರರೋ ಅವರ ಮಕ್ಕಳೋ ಇನ್ನೂ ಇದ್ದರೆ, ಅಟ್ಟದ ಮೇಲಿನ ಡಬ್ಬಿಗಳನ್ನು ಕೇಳಿ ನೋಡಿ. ಬಿಸಾಡುವ ಮುಂಚೆ ಒಂದು ಮಾತು ಹೇಳಿ ಎಂದು ಕೇಳಿಕೊಳ್ಳಿ. ವಿನೆಗರಿನ ವಾಸನೆ ಬರುತ್ತಿದ್ದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ, ಅದನ್ನು ಉಳಿದವುಗಳಿಂದ ಬೇರೆ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಕಾಗದದ ಲಕೋಟೆ ಸಾಕು. ಮೊಬೈಲಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು ಇನ್ನೊಂದು ಮೊಬೈಲಿನಿಂದ ಚಿತ್ರ ತೆಗೆದು ಬಣ್ಣ ತಿರುವಿದರೆ ಮುಖ ಕಾಣುತ್ತದೆ, ಹಳೆಯದೂ ಹೊಸದೂ ಹಾಗೆ ಒಂದು ಕೆಲಸಕ್ಕೆ ಕೂಡಿಬರುತ್ತವೆ. ಲಕೋಟೆಗಳ ಮೇಲೆ ಮಾಸ್ತರರು ಪೆನ್ಸಿಲಿನಲ್ಲಿ ಹೆಸರು, ತಾರೀಖು ಬರೆದಿರುತ್ತಾರೆ. ಕೆಲವದರ ಮೇಲೆ 'ಹಣ ಬಾಕಿ' ಎಂದೂ ಇರುತ್ತದೆ.